ಸಾಗರಕಟ್ಟೆಯ ಜೋಡಿ ಸೇತುವೆ: ಹತ್ತೊಂಬತ್ತು ವರ್ಷದ ಪಾಸುದಾರನ ವಿಮರ್ಶೆ

ಕೆ.ಆರ್. ನಗರದಿಂದ ಮೈಸೂರಿಗೆ ಮಾಸಿಕ ಪಾಸಿನಲ್ಲಿ ಓಡಾಡಲು ತೊಡಗಿ ಹತ್ತೊಂಬತ್ತು ವರ್ಷವಾಯಿತು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಕನ್ನಂಬಾಡಿ ಕಟ್ಟೆಯ ಹಿನ್ನೀರನ್ನು ಸಾಗರಕಟ್ಟೆಯ ಬಳಿ ಹೋಗುವಾಗೊಮ್ಮೆ, ಬರುವಾಗೊಮ್ಮೆ ದಾಟುತ್ತೇನೆ. ಇಲ್ಲಿ ರೈಲಿಗೊಂದು, ರಸ್ತೆಗೊಂದು ಸೇತುವೆ. ರೈಲು ತಪ್ಪಿದ ದಿನ ಸ್ಕೂಟರ್. 2020ರಲ್ಲಿ ರೈಲುಗಳೇ ನಿಂತಾಗ ತಿಂಗಳುಗಟ್ಟಲೆ ಸ್ಕೂಟರೇ ಗತಿಯಾಯಿತು. ಹಾಗಾಗಿ ಎರಡರ ಬಗ್ಗೆಯೂ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ರೈಲು ಸೇತುವೆ. ಮಣ್ಣಿನ ಏರಿ ಮುಗಿದು ಸೇತುವೆ ಸಿಕ್ಕಿದ ಕೂಡಲೇ ಗಾಲಿಯ ಸದ್ದು ಬದಲಾಗುತ್ತದೆ. ಮೊಬೈಲಿನಲ್ಲಿ ಮುಳುಗಿದವರೂ ಆಗ ತಲೆಯೆತ್ತುತ್ತಾರೆ. ಕಟ್ಟೆ ಭರ್ತಿಯೆಂದರೆ 124.80 ಅಡಿ ಎಂಬುದು ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. ನಮ್ಮ ಬೋಗಿಯವರಿಗೆ ಆ ಅಂಕಿಯೂ ಬೇಡ, ಕಂಬದ ಮೇಲೆ ನೀರು ಬಿಟ್ಟುಹೋದ ಕಲೆ ಸಾಕು. 2024ರ ಬೇಸಿಗೆಯಲ್ಲಿ ಹಿನ್ನೀರಿದ್ದ ಕಡೆ ದನ ಮೇಯುತ್ತಿದ್ದವು. ಜುಲೈ ಮುಗಿಯುವಷ್ಟರಲ್ಲಿ ಕಟ್ಟೆ ತುಂಬಿತ್ತು. 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿತು. ನನ್ನ ತಂಗಿಯನ್ನು ಮದ್ದೂರಿನ ಕಡೆ ಕೊಟ್ಟಿದೆ, ಅವರ ಗದ್ದೆಗೆ ನಾಲೆಯ ನೀರೇ ಆಧಾರ. ಬೋಗಿಯಿಂದಲೇ ಫೋನ್ ಮಾಡಿ, "ಈ ಸಲ ಭತ್ತಕ್ಕೆ ಮೋಸವಿಲ್ಲ" ಎಂದು ಹೇಳುವುದು ನನಗೆ ರೂಢಿ. ಅವಳು ನಂಬುವುದು ನಾಲೆಗೆ ನೀರು ಬಿಟ್ಟ ಮೇಲೆಯೇ, ಆ ಮಾತು ಬೇರೆ.

ದೂರು ಇಲ್ಲವೆಂದಲ್ಲ. ಇದು ಒಂಟಿ ಹಳಿಯ ಮಾರ್ಗ. ಎದುರಿನ ರೈಲಿಗೆ ದಾರಿ ಬಿಡಲು ನಿಂತರೆ ನಿಂತದ್ದೇ. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾನಿನ್ನೂ ಕಿಟಕಿಯಾಚೆಯ ಬೇವಿನ ಮರ ನೋಡುತ್ತಿರುತ್ತೇನೆ. ಅದಕ್ಕೆ ಅರ್ಧ ಅಂಕ ಕಳೆದು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ರಸ್ತೆ ಸೇತುವೆಗೆ ಮೂರು. ಭಾನುವಾರ ಫೋಟೊ ತೆಗೆಯುವವರು ನಡುದಾರಿಯಲ್ಲೇ ಬೈಕ್ ನಿಲ್ಲಿಸುತ್ತಾರೆ, ಮಳೆಗಾಲದ ಅಡ್ಡಗಾಳಿಗೆ ಸ್ಕೂಟರ್ ಓಲಾಡುತ್ತದೆ.

ಎರಡು ಸೇತುವೆ ಯಾಕೆ, ಒಂದರ ಮೇಲೊಂದು ಕಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನೂ ಕೇಳುತ್ತಿದ್ದೆ. 2023ರಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಂಥದ್ದನ್ನೂ ಬಳಸಿ ನೋಡಿದೆ. ಒರೋವಿಲ್ ಜಲಾಶಯದ ಮೇಲಿನ ಸೇತುವೆ ಅದು: ಮೇಲಿನ ಅಂತಸ್ತಿನಲ್ಲಿ ಹೆದ್ದಾರಿ, ಕೆಳಗಿನದರಲ್ಲಿ ರೈಲು. ಅಣೆಕಟ್ಟಿನ ನೀರು ಹಳೆಯ ಹಳಿಯನ್ನು ಮುಳುಗಿಸುವುದಿತ್ತು. ಅದಕ್ಕೆ ಮುಂಚೆಯೇ, 1962ರಲ್ಲಿ, ಇದನ್ನು ಕಟ್ಟಿ ಮುಗಿಸಿದ್ದರು. ಅಳಿಯ ಎಂಜಿನಿಯರ್, ಕಾರು ಓಡಿಸುತ್ತಲೇ ಪಾಠ ಹೇಳಿದ. ಆಳದ ಕಣಿವೆಯಲ್ಲಿ ಕಂಬ ಎಬ್ಬಿಸುವುದೇ ದೊಡ್ಡ ಖರ್ಚು, ಒಂದೇ ಸಾಲು ಕಂಬ ಎರಡನ್ನೂ ಹೊತ್ತರೆ ಅಷ್ಟು ಉಳಿತಾಯ. ಕಾರಿನಂತೆ ರೈಲು ದಿಣ್ಣೆ ಹತ್ತಲಾರದು. ಆ ಮಾರ್ಗದಲ್ಲಿ ನೂರಡಿಗೆ ಒಂದಡಿಗಿಂತ ಹೆಚ್ಚು ಏರಿಲ್ಲ. ಅದಕ್ಕೇ ಹಳಿ ಕೆಳಗೆ, ರಸ್ತೆ ಮೇಲೆ.

ಎಲ್ಲ ಸರಿ, ರೈಲು ಎಲ್ಲಿ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಸೇತುವೆಯೇ ಮುಗಿಯಿತು. ಕಾಲಡಿಯಲ್ಲಿ ಗಾಡಿ ಹೋದರೂ ಮೇಲಿನವರಿಗೆ ಕಾಣುವುದಿಲ್ಲ. ಕೆಳಗೆ ಕುಳಿತು ಹೋಗೋಣವೆಂದರೆ ಆ ಮಾರ್ಗದ ಪ್ರಯಾಣಿಕರ ರೈಲು 1970ರಲ್ಲೇ ನಿಂತಿದೆ, ಈಗ ಓಡುವುದು ಸರಕಿನ ಗಾಡಿಗಳು ಮಾತ್ರ. ಅಂದರೆ ಅರ್ಧ ಸೇತುವೆ ನನ್ನಂಥವನಿಗೆ ಇಲ್ಲವೇ ಇಲ್ಲ. ಅರ್ಧಕ್ಕೆ ಅಂಕ ಕೊಡುವುದು ಹೇಗೆ? ಜಲಾಶಯ ಮಾತ್ರ ಆ ಜೂನ್‌ನಲ್ಲಿ ತುಂಬಿ ತುಳುಕುವಂತಿತ್ತು. ಊರಿಗೆ ಮರಳಿದರೆ ನಮ್ಮ ಕಟ್ಟೆ ಆ ವರ್ಷ ತುಂಬಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಕಳೆದ ಡಿಸೆಂಬರ್‌ನಲ್ಲಿ ಅಳಿಯ ಬಂದಿದ್ದ. ಕಾರು ಬೇಡವೆಂದು ಬೆಳಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಸೇತುವೆಯ ಮೇಲೆ ಬಂದಾಗ ಆಚೆಯ ರಸ್ತೆಯಲ್ಲಿ ಸ್ಕೂಟರಿನವನೊಬ್ಬ, ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು, ನಮ್ಮ ಸಮಕ್ಕೆ ಓಡಿಸುತ್ತಿದ್ದ. ನಾನು ಕೈ ಎತ್ತಿದೆ. ಅವನೂ ಎತ್ತಿದ.

"ನಿಮಗೆ ಗೊತ್ತಿರುವವರೇ, ಮಾವ?" ಎಂದು ಅಳಿಯ ಕೇಳಿದ.

"ಇಲ್ಲ" ಎಂದೆ.