ಚುನಾವಣಾ ಆಯೋಗದ ಕೆವೈಸಿ ಆ್ಯಪ್: ‘ಹೌದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ

ಕೆವೈಸಿ ಎಂದ ಕೂಡಲೇ ಬ್ಯಾಂಕಿನವರು ಆಧಾರ್ ಕೇಳುವುದು ನೆನಪಾಗುತ್ತದೆ. ಚುನಾವಣಾ ಆಯೋಗದ ಕೆವೈಸಿ ಬೇರೆ, ‘ನೋ ಯುವರ್ ಕ್ಯಾಂಡಿಡೇಟ್’. ಇಲ್ಲಿ ಕಾಗದ ಕೊಡಬೇಕಾದವರು ವೋಟು ಕೇಳುವವರು, ಪರಿಶೀಲಿಸಬೇಕಾದವರು ವೋಟು ಹಾಕುವವರು. ಅಭ್ಯರ್ಥಿಗಳ ಕ್ರಿಮಿನಲ್ ಹಿನ್ನೆಲೆ ತಿಳಿಸಲು ಪ್ರತ್ಯೇಕ ಆ್ಯಪ್ ಮಾಡಿ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ರಂದು ಹೇಳಿತು. 2022ರ ಐದು ರಾಜ್ಯಗಳ ಚುನಾವಣೆ ಹೊತ್ತಿಗೆ ಇದು ಬಂತು. ದುಡ್ಡು ಕೊಡಬೇಕಿಲ್ಲ, ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಇದೆ. ಇಳಿಸಿಕೊಳ್ಳುವ ಮುನ್ನ ತಯಾರಕರ ಹೆಸರು ಚುನಾವಣಾ ಆಯೋಗದ್ದೇ ಎಂದು ನೋಡಿಕೊಳ್ಳಿ. ಕೆವೈಸಿ ಹೆಸರಲ್ಲಿ ಆಗುವ ವಂಚನೆಗಳು ಗೊತ್ತೇ ಇವೆ. ಆ್ಯಪ್ ಬೇಡ ಎನ್ನುವವರಿಗೆ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲೂ ಇದೇ ದಾಖಲೆ ಸಿಗುತ್ತದೆ.

ಬಳಸುವುದು ಸುಲಭ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಹೆಸರು ಹಾಕಿಯೂ ಹುಡುಕಬಹುದು, ಆದರೆ ಇನಿಶಿಯಲ್ಲೋ ಕಾಗುಣಿತವೋ ನಾಮಪತ್ರದಲ್ಲಿರುವಂತೆ ಇಲ್ಲದಿದ್ದರೆ ಹುಡುಕಾಟ ಎಡವುತ್ತದೆ. ಕ್ಷೇತ್ರದ ದಾರಿಯೇ ವಾಸಿ. ಪ್ರಬಲ ಅಭ್ಯರ್ಥಿಯ ವೋಟು ಒಡೆಯಲು ಅದೇ ಹೆಸರಿನವರನ್ನು ಕಣಕ್ಕಿಳಿಸುವ ಹಳೆಯ ಚಾಳಿ ನಮ್ಮಲ್ಲಿದೆ. ಹಾಗಾಗಿ ಫೋಟೊ, ಪಕ್ಷ, ತಂದೆಯ ಹೆಸರು ಮೂರನ್ನೂ ತಾಳೆ ನೋಡದೆ ಮುಂದೆ ಹೋಗಬೇಡಿ.

ತಕರಾರು ಶುರುವಾಗುವುದು ಇಲ್ಲಿಂದ. ಹೆಸರಿನ ಜೊತೆ ಕ್ರಿಮಿನಲ್ ಹಿನ್ನೆಲೆ ‘ಹೌದು’ ಅಥವಾ ‘ಇಲ್ಲ’ ಎಂದು ಬರುತ್ತದೆ. ನಿಷೇಧಾಜ್ಞೆ ಮೀರಿ ಧರಣಿ ಕೂತವನದೂ ‘ಹೌದು’, ಕೊಲೆ ಯತ್ನದ ವಿಚಾರಣೆ ಎದುರಿಸುತ್ತಿರುವವನದೂ ‘ಹೌದು’, ಶಿಕ್ಷೆಯಾಗಿ ಮೇಲ್ಮನವಿ ಹಾಕಿದವನದೂ ‘ಹೌದು’. ಮೂರಕ್ಕೂ ಒಂದೇ ಚೀಟಿ ಅಂಟಿಸುವುದರಿಂದ ದೊಡ್ಡ ಆರೋಪ ಹೊತ್ತವರಿಗೇ ಲಾಭ: ‘ಎಲ್ಲರ ಮೇಲೂ ಕೇಸಿದೆ ಬಿಡಿ’ ಎಂದು ಪಾರಾಗಬಹುದು. ಆ್ಯಪ್‌ನ ನಿಜವಾದ ಬೆಲೆ ಇರುವುದು ಅದರಿಂದ ತೆರೆದುಕೊಳ್ಳುವ ನಮೂನೆ 26ರ, ಅಂದರೆ ನಾಮಪತ್ರದ ಜೊತೆ ಅಭ್ಯರ್ಥಿ ಕೊಡುವ ಅಫಿಡವಿಟ್‌ನ, ಪಿಡಿಎಫ್‌ನಲ್ಲಿ. ಹೆಚ್ಚಿನವು ಸ್ಕ್ಯಾನ್ ಪ್ರತಿಗಳು, ಅಕ್ಷರ ಹಾಕಿ ಹುಡುಕಲಾಗದು. ಆಸ್ತಿ ವಿವರದ ಪುಟಗಳೇ ಬಹಳ. ಅವನ್ನು ಆಮೇಲೆ ನೋಡಿ, ಮೊದಲು ಕಲಂ 5 ಮತ್ತು 6ಕ್ಕೆ ಹೋಗಿ. ಕೊನೆಯ ಸಾರಾಂಶ ಕೋಷ್ಟಕದಲ್ಲಿ ಸಿಗುವುದು ಬರೀ ಸಂಖ್ಯೆ.

ಕಲಂ 5 ಬಾಕಿ ಪ್ರಕರಣಗಳದು. ಎಫ್‌ಐಆರ್ ಸಂಖ್ಯೆ, ಠಾಣೆ, ಕೋರ್ಟು, ಕೇಸ್ ನಂಬರ್, ಸೆಕ್ಷನ್, ಅಪರಾಧದ ಸಂಕ್ಷಿಪ್ತ ವಿವರ ಇರಲೇಬೇಕು. ಪ್ರತಿ ಕೇಸನ್ನೂ ಬೇರೆಬೇರೆಯಾಗಿ, ಹೊಸದು ಮೊದಲು ಬರುವಂತೆ ಬರೆಯಬೇಕು. ಕಣ್ಣು ನಿಲ್ಲಬೇಕಾದದ್ದು ಆರೋಪ ನಿಗದಿಯಾದ ದಿನಾಂಕದ ಮೇಲೆ. ಚಾರ್ಜ್‌ಶೀಟ್ ಹಾಕುವವರು ಪೊಲೀಸರು. ಆರೋಪ ನಿಗದಿ ಮಾಡುವವರು ನ್ಯಾಯಾಧೀಶರು, ಅಂದರೆ ವಿಚಾರಣೆಗೆ ತಕ್ಕಷ್ಟು ಹುರುಳಿದೆ ಎಂದು ಕೋರ್ಟಿಗೆ ಅನಿಸಿದೆ. ಹಾಲಿ ಶಾಸಕ, ಸಂಸದರ ಗಂಭೀರ ಪ್ರಕರಣಗಳನ್ನು ಆರೋಪ ನಿಗದಿಯಾದ ಒಂದು ವರ್ಷದೊಳಗೆ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲೇ ಹೇಳಿದೆ. ಮತ್ತೆ ಟಿಕೆಟ್ ಪಡೆದ ಶಾಸಕರ ಅಫಿಡವಿಟ್‌ನಲ್ಲಿ ಆ ದಿನಾಂಕ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಕೇಸು ಎಳೆದಾಡುತ್ತಿದೆ ಎಂದೇ ಲೆಕ್ಕ.

ಸೆಕ್ಷನ್ ಓದುವಾಗ ಒಂದು ತೊಡಕು. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೂ ಹಿಂದಿನ ಕೃತ್ಯಗಳಿಗೆ ಹಳೆಯ ಸಂಖ್ಯೆ, ನಂತರದವಕ್ಕೆ ಹೊಸದು. ಕೊಲೆ ಯತ್ನ 307 ಇದ್ದದ್ದು ಈಗ 109, ವಂಚನೆಯ 420 ಈಗ 318(4), ಅಕ್ರಮ ಕೂಟದ 143 ಈಗ 189(2), ಸರ್ಕಾರಿ ಆದೇಶ ಮೀರಿದ 188 ಈಗ 223. ಬರೀ 143, 188 ಕಂಡರೆ ಪ್ರತಿಭಟನೆಯ ಕೇಸೇ ಇರಬಹುದು. 307 ಕಂಡರೆ ಹಾಗೆ ಬಿಟ್ಟುಬಿಡಲಾಗದು.

ಕಲಂ 6 ಶಿಕ್ಷೆಯಾದ ಪ್ರಕರಣಗಳದು. ‘ಶಿಕ್ಷೆಯಾದ ಮೇಲೂ ಹೇಗೆ ನಿಂತರು?’ ಎಂಬ ಪ್ರಶ್ನೆಗೆ ಆ್ಯಪ್‌ನಲ್ಲಿ ಉತ್ತರವಿಲ್ಲ. ಅದು ಇರುವುದು 1951ರ ಜನಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ. ಭ್ರಷ್ಟಾಚಾರ ತಡೆ ಕಾಯ್ದೆ, ಅತ್ಯಾಚಾರ, ಕೋಮುದ್ವೇಷ, ಚುನಾವಣಾ ಲಂಚದಂಥ ಪಟ್ಟಿ ಮಾಡಿದ ಅಪರಾಧಗಳಲ್ಲಿ ಬರೀ ದಂಡ ಬಿದ್ದರೂ ತೀರ್ಪಿನಿಂದ 6 ವರ್ಷ ಅನರ್ಹತೆ. ಜೈಲಾದರೆ ತೀರ್ಪಿನ ದಿನದಿಂದ ಶುರುವಾಗಿ, ಬಿಡುಗಡೆಯ ನಂತರವೂ 6 ವರ್ಷ. ಕಲಬೆರಕೆ, ಕಾಳದಾಸ್ತಾನು, ವರದಕ್ಷಿಣೆ ಪ್ರಕರಣಗಳಿಗೆ ಕನಿಷ್ಠ 6 ತಿಂಗಳ ಶಿಕ್ಷೆಯಾಗಿರಬೇಕು. ಉಳಿದ ಯಾವುದೇ ಅಪರಾಧಕ್ಕೆ ಕನಿಷ್ಠ 2 ವರ್ಷ. ಹಾಗಾಗಿ ಇಂಥ ಅಪರಾಧದಲ್ಲಿ 23 ತಿಂಗಳ ಶಿಕ್ಷೆಯಾದವರು ಕಾನೂನುಬದ್ಧವಾಗಿಯೇ ಕಣದಲ್ಲಿರುತ್ತಾರೆ, 24 ತಿಂಗಳಾದರೆ ಹೊರಗೆ. ಚೆಕ್ ಬೌನ್ಸ್‌ಗೆ ಗರಿಷ್ಠ ಶಿಕ್ಷೆಯೇ 2 ವರ್ಷ. ಅಷ್ಟೂ ಬಿದ್ದರೆ ಅದೂ ಅನರ್ಹತೆಯೇ.

ಮೇಲ್ಮನವಿ ಹಾಕಿದೊಡನೆ ಅನರ್ಹತೆ ನಿಲ್ಲುವುದಿಲ್ಲ. ಹಾಲಿ ಸದಸ್ಯರಿಗಿದ್ದ ಮೂರು ತಿಂಗಳ ರಕ್ಷಣೆಯನ್ನು 2013ರ ಜುಲೈ 10ರ ಸುಪ್ರೀಂ ಕೋರ್ಟ್‌ನ ಲಿಲಿ ಥಾಮಸ್ ತೀರ್ಪು ತೆಗೆದುಹಾಕಿದೆ. ಶಿಕ್ಷೆ ಅಮಾನತಾದರೆ ಜೈಲು ತಪ್ಪುತ್ತದೆ, ಅಷ್ಟೆ. ಅನರ್ಹತೆ ತಪ್ಪಬೇಕಾದರೆ ಅಪರಾಧಿ ಎಂಬ ತೀರ್ಪಿಗೇ ತಡೆ ಸಿಗಬೇಕು. ರಾಹುಲ್ ಗಾಂಧಿಗೆ 2023ರ ಮಾರ್ಚ್ 23ರಂದು 2 ವರ್ಷ ಶಿಕ್ಷೆಯಾಯಿತು, ಮಾರನೇ ದಿನ ಅನರ್ಹತೆ ಪ್ರಕಟವಾಯಿತು. ಜಾಮೀನು ಸಿಕ್ಕರೂ ಸ್ಥಾನ ಮರಳಲಿಲ್ಲ. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ಕೊಟ್ಟ ಮೇಲೆ, 7ರಂದು ಸದಸ್ಯತ್ವ ವಾಪಸಾಯಿತು. ಕಲಂ 6ರಲ್ಲಿ ‘ಮೇಲ್ಮನವಿ ಬಾಕಿ’ ಎಂದಿದ್ದರೆ ಯಾವುದಕ್ಕೆ ತಡೆ ಎಂಬುದನ್ನು ಹುಡುಕಿ ನೋಡಬೇಕು. ಅನರ್ಹತೆಯ ಅವಧಿ ಕಡಿತಗೊಳಿಸುವ ಅಧಿಕಾರ ಚುನಾವಣಾ ಆಯೋಗಕ್ಕೂ ಇದೆ. ಸಿಕ್ಕಿಂ ಮುಖ್ಯಮಂತ್ರಿಯಾಗಿದ್ದ ಪ್ರೇಮ್ ಸಿಂಗ್ ತಮಾಂಗ್ ಅವರ 6 ವರ್ಷವನ್ನು 2019ರಲ್ಲಿ 1 ವರ್ಷ 1 ತಿಂಗಳಿಗೆ ಇಳಿಸಿತ್ತು. ಜೈಲಲ್ಲಿರುವವರು ವೋಟು ಹಾಕುವಂತಿಲ್ಲ, ಆದರೆ ಅನರ್ಹತೆ ಇಲ್ಲದಿದ್ದರೆ ಅಲ್ಲಿಂದಲೇ ಸ್ಪರ್ಧಿಸಬಹುದು. ವಿಚಿತ್ರ, ಆದರೆ ಕಾನೂನೇ ಹಾಗಿದೆ.

ಶಿಕ್ಷೆಯಾದವರಿಗೆ ಜೀವನಪೂರ್ತಿ ನಿಷೇಧ ಬೇಕೆಂಬ ಬೇಡಿಕೆಯನ್ನು ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ವಿರೋಧಿಸಿತು, ಅದು ಸಂಸತ್ತಿಗೆ ಬಿಟ್ಟದ್ದು ಎಂದಿತು. ನಮ್ಮ ಅಭಿಪ್ರಾಯದಲ್ಲಿ 6 ವರ್ಷ ಸಾಕೇ ಸಾಲದೇ ಎಂಬುದು ಎರಡನೇ ಮಾತು. ತೀರ್ಪೇ ಬರದಿದ್ದರೆ 8ನೇ ಸೆಕ್ಷನ್‌ಗೆ ಕೆಲಸವಿಲ್ಲ. 5 ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅವಕಾಶವಿರುವ ಪ್ರಕರಣದಲ್ಲಿ ಆರೋಪ ನಿಗದಿಯಾದಾಗಲೇ ಅನರ್ಹತೆ ಬರಲಿ, ಆದರೆ ನಾಮಪತ್ರ ಪರಿಶೀಲನೆಗೆ ಮುಂಚಿನ ಒಂದು ವರ್ಷದಲ್ಲಿ ನಿಗದಿಯಾದದ್ದಕ್ಕೆ ಬೇಡ ಎಂದು ಕಾನೂನು ಆಯೋಗದ 244ನೇ ವರದಿ 2014ರಲ್ಲೇ ಹೇಳಿತ್ತು. ಚುನಾವಣೆ ಹತ್ತಿರ ಬಂದಾಗ ಕೇಸು ಜಡಿದು ಕಣದಿಂದ ತಪ್ಪಿಸುವ ಆಟಕ್ಕೂ ಅದರಲ್ಲಿ ತಡೆ ಇದೆ. ಹೋಲಿಸಿದರೆ ಅದೇ ಹೆಚ್ಚು ಉಪಯುಕ್ತ.

ಅಫಿಡವಿಟ್‌ನಲ್ಲಿರುವುದು ನಿಜವೇ? ಆ್ಯಪ್ ಪರೀಕ್ಷಿಸುವುದಿಲ್ಲ, ಚುನಾವಣಾಧಿಕಾರಿಯೂ ಪರೀಕ್ಷಿಸುವುದಿಲ್ಲ. ಕಲಂ ಖಾಲಿ ಬಿಟ್ಟು, ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು, ಸುಳ್ಳು ತುಂಬಿದ್ದಾರೆಂದು ಅಲ್ಲೇ ತಿರಸ್ಕರಿಸಲಾಗದು. ಸುಳ್ಳಿಗೆ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ಅದಕ್ಕೆ ಕೋರ್ಟಿಗೇ ಹೋಗಬೇಕು. ಗೆದ್ದವರ ವಿರುದ್ಧ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿಗೆ ಫಲಿತಾಂಶದಿಂದ 45 ದಿನ ಮಾತ್ರ ಗಡುವು. ಮತದಾರರು ಮಾಡಬಹುದಾದದ್ದು ಇ-ಕೋರ್ಟ್ಸ್ ತಾಣದಲ್ಲಿ ಕೇಸ್ ನಂಬರ್ ಇಲ್ಲವೇ ಎಫ್‌ಐಆರ್ ನಂಬರ್ ಹಾಕಿ ನೋಡುವುದು. ಕೊನೆಯ ವಿಚಾರಣೆ ಯಾವಾಗ, ಮುಂದಿನ ದಿನಾಂಕ ಯಾವಾಗ ಎಂಬುದು ಅಲ್ಲಿ ಕಾಣುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಸಿಗಲಿಲ್ಲ ಎಂದು ಕೈಬಿಡಬೇಡಿ. ಕರ್ನಾಟಕದ ಕೇಸಾದರೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಕ್ಕೆ ವರ್ಗವಾಗಿರಬಹುದು.

ಪಕ್ಷಗಳು ಅಭ್ಯರ್ಥಿಯನ್ನು ಆರಿಸಿದ 48 ಗಂಟೆಯೊಳಗೆ ಸಿ-7 ನಮೂನೆಯಲ್ಲಿ ಕೇಸುಗಳ ವಿವರವನ್ನೂ, ಕೇಸಿಲ್ಲದ ಬೇರೊಬ್ಬರನ್ನು ಏಕೆ ಆರಿಸಲಿಲ್ಲ ಎಂಬ ಕಾರಣವನ್ನೂ ಪ್ರಕಟಿಸಬೇಕು. ‘ಗೆಲ್ಲುವ ಕುದುರೆ’ ಎಂಬುದೊಂದೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್‌ನ 2020ರ ತೀರ್ಪಿದೆ. ಈ ವಿವರ ಆ್ಯಪ್‌ನಲ್ಲಿ ಅಭ್ಯರ್ಥಿಯ ಪಕ್ಕದಲ್ಲೇ ಸಿಕ್ಕಿದ್ದರೆ ಚೆನ್ನಾಗಿತ್ತು. ಈಗ ಪತ್ರಿಕೆಯ ಜಾಹೀರಾತಿನಲ್ಲೋ ಪಕ್ಷದ ತಾಣದಲ್ಲೋ ಹುಡುಕಬೇಕು.

ಐದರಲ್ಲಿ ಮೂರು ಅಂಕ ಕೊಡಬಹುದು. ಕಲಂ 5 ಮತ್ತು 6ನ್ನು ಬೇರೆಯಾಗಿ ತೋರಿಸಿದರೆ ನಾಲ್ಕು. ಗ್ರಾಮ ಪಂಚಾಯಿತಿ, ನಗರಸಭೆ ಅಭ್ಯರ್ಥಿಗಳು ಇದರಲ್ಲಿ ಸಿಗುವುದಿಲ್ಲ, ಆ ಚುನಾವಣೆಗಳು ರಾಜ್ಯ ಚುನಾವಣಾ ಆಯೋಗದ್ದು. ವಿಧಾನಸಭೆ, ಲೋಕಸಭೆಗಾದರೆ ನಾಮಪತ್ರ ವಾಪಸಾತಿಯ ಕೊನೆ ದಿನ ಕಳೆದ ಕೂಡಲೇ ತೆರೆಯಿರಿ. ಅಂತಿಮ ಪಟ್ಟಿ ಆಗ ಸಿದ್ಧವಾಗಿರುತ್ತದೆ, ಮತದಾನಕ್ಕೆ ಕನಿಷ್ಠ 14 ದಿನ ಉಳಿದಿರುತ್ತದೆ.