ಕಪ್ಪು ರೇಡಿಯೋ, ಹಳದಿ ರೇಡಿಯೋ: ಧಾರವಾಡ ಯಾವುದರಲ್ಲಿ ಬರುತ್ತೆ?

ನೇರವಾಗಿ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಅಂತ ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಚಾರ್ಜ್ ಮಾಡುವ ರೇಡಿಯೋ ಹುಡುಕುತ್ತಿದ್ದರೆ, ಮುಳ್ಳು ಓಡುವ ಹಳೇ ಮಾದರಿಯದ್ದನ್ನೇ ತಗೊಳ್ಳಿ. ಅದರಲ್ಲಿ ಪೆನ್ ಸೆಲ್ ಹಾಕಲು ಜಾಗ ಇರಲಿ. ಸ್ಕ್ರೀನ್ ಇರುವ ದುಬಾರಿ ಡಿಜಿಟಲ್ ಸೆಟ್ಟಿಗೆ ದುಡ್ಡು ಸುರಿಯಬೇಡಿ. ನಮ್ಮ ಮನೆಯಲ್ಲಿ ಎರಡೂ ಇವೆ, ಜತೆಗೆ ಎರಡು ಸೆಲ್ಲಿನ ಸಾದಾ ಪಾಕೆಟ್ ರೇಡಿಯೋ ಒಂದು. ದಿನಾ ಕೈಗೆ ಬರುವುದು ಹಳದಿ ಬಣ್ಣದ ಮುಳ್ಳಿನ ಸೆಟ್ಟು. ಅದರ ಎರಡೂವರೆ ಪಟ್ಟು ಬೆಲೆಯ ಕಪ್ಪು ಡಿಜಿಟಲ್ ಸೆಟ್ಟು ಈಗ ಬಚ್ಚಲಮನೆಗೆ ಹೋಗುವ ಟಾರ್ಚ್.

ಮೊಬೈಲ್ ಇರುವಾಗ ರೇಡಿಯೋ ಯಾಕೆ ಅಂತ ಕೇಳುವವರು ಕಾರವಾರದ ಜುಲೈ ತಿಂಗಳು ನೋಡಿರುವುದಿಲ್ಲ. ಗಾಳಿಮಳೆಗೆ ಮೊದಲು ಕರೆಂಟು ಹೋಗುತ್ತದೆ. ಟವರ್ ತನ್ನ ಬ್ಯಾಟರಿ ಇರುವಷ್ಟು ಹೊತ್ತು ನಡೆದು ಅದೂ ಹೋಗುತ್ತದೆ. ಈಗ ಫೋನಿಗೇ ಜೋರಾಗಿ ಕೂಗುವ ಸರ್ಕಾರಿ ಎಚ್ಚರಿಕೆ ಬರುತ್ತದೆ, ಒಳ್ಳೆಯದೇ. ಆದರೆ ಅದಕ್ಕೂ ಟವರ್ ಬೇಕಲ್ವಾ? 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಎರಡೂ ಸಲ ವಾಟ್ಸಾಪಿನಲ್ಲಿ ಬಂದದ್ದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗುತ್ತಿರಲಿಲ್ಲ. ಯಾವ ಘಾಟಿ ಬಂದ್, ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರಾ, ನಾಳೆ ಶಾಲೆ ಇದೆಯಾ. ನಮಗೆ ಬೇಕಾದದ್ದು ಇಷ್ಟೇ. ಒಬ್ಬರು ಸಮಾಧಾನವಾಗಿ ಓದಿ ಹೇಳಿದರೆ ಸಾಕು.

ನನ್ನ ಅಗತ್ಯ ಸ್ವಲ್ಪ ಬೇರೆ ಥರದ್ದು. ಅದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವಿರುವುದು ಕಾರವಾರದಲ್ಲಿ. ತವರುಮನೆ ಶಿರಸಿ ಕಡೆ, ಘಟ್ಟದ ಅಂಚಿನ ಒಂದು ಕಣಿವೆಯಲ್ಲಿ. ಸುತ್ತ ಅಡಿಕೆ ತೋಟ, ಮೂರೂ ಕಡೆ ಗುಡ್ಡ. ಕಾರವಾರದಲ್ಲಿ ಆಕಾಶವಾಣಿಯ 102.3 ಎಫ್ಎಂ ಯಾವ ಡಬ್ಬಿಯಲ್ಲಿ ಬೇಕಾದರೂ ಬರುತ್ತದೆ. ಆದರೆ ಎಫ್ಎಂ ತರಂಗ ನೇರ ಸಾಲಿನಲ್ಲಿ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗಿಯಿತು. ತವರಿನ ತೋಟದಲ್ಲಿ ಎಫ್ಎಂ ಹಾಕಿದರೆ ಬರೀ ಸೊಂಯ್ ಸದ್ದು. ಅಲ್ಲಿ ಬರುವುದು ಮೀಡಿಯಂ ವೇವ್. ಅದು ನೆಲ ಹಿಡಿದುಕೊಂಡು ಗುಡ್ಡ ಹತ್ತಿ ಇಳಿದು ಬರುತ್ತದೆ. ಆಕಾಶವಾಣಿಯ ಧಾರವಾಡ ಕೇಂದ್ರ ಅದರಲ್ಲಿ 765 ಕಿಲೋಹರ್ಟ್ಜ್‌ಗೆ ಸಿಗುತ್ತದೆ. ಅಪ್ಪಯ್ಯನಿಗೆ ರೇಡಿಯೋ ಅಂದರೆ ಧಾರವಾಡ, ಬೇರೇನಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸಲು ಮರ ಹತ್ತುವ ಕೊನೆಗೌಡನಿಗೆ ಹೇಳಿಕಳಿಸುವ ಮೊದಲು ಮಳೆ ಹೊಳವಾಗುತ್ತಾ, ಅಂದರೆ ಬಿಡುವು ಕೊಡುತ್ತಾ ಅಂತ ಹವಾಮಾನ ಕೇಳಬೇಕು ಅವರಿಗೆ.

ಕಪ್ಪು ಸೆಟ್ಟು ಎಡವಿದ್ದು ಇಲ್ಲೇ.

ನೋಡಲು ಅದು ಚೆಂದ. ದಪ್ಪ ರಬ್ಬರ್ ಅಂಚು, ನೀಲಿ ಸ್ಕ್ರೀನ್, ತಲೆಯ ಮೇಲೆ ಸೋಲಾರ್. ಪಾರ್ಸೆಲ್ ಬಂದ ದಿನ ಕಾರವಾರ ಎಫ್ಎಂ ಗಾಜಿನಷ್ಟು ಸ್ಪಷ್ಟ. ಖುಷಿಯಾಯಿತು. ತವರಿಗೆ ತಗೊಂಡು ಹೋದೆ. ಅಪ್ಪಯ್ಯ ಮೀಡಿಯಂ ವೇವ್‌ಗೆ ಹಾಕಿ ಗುಂಡಿ ಒತ್ತುತ್ತಾ ಹೋದರು. 750, 760, 770, 780. ಮತ್ತೆ ಹಿಂದೆ. 770, 760. 765 ಇಲ್ಲವೇ ಇಲ್ಲ! “ಧಾರವಾಡ ಬತ್ತಿಲ್ಲೆ ಕೂಸೆ, ಇದು ಎಂತಾ ರೇಡಿಯೋನೆ?” ಅಂದರು.

ಕಾರಣ ಹೀಗಿದೆ. ಮೀಡಿಯಂ ವೇವ್ ಕೇಂದ್ರಗಳನ್ನು ನಮ್ಮಲ್ಲಿ 9 ಕಿಲೋಹರ್ಟ್ಜ್ ಅಂತರದಲ್ಲಿ ಕೂರಿಸಿದ್ದಾರೆ. ಯುರೋಪು, ಆಫ್ರಿಕಾದಲ್ಲೂ ಹಾಗೇ. ಅಮೆರಿಕದ ಕಡೆ ಮಾತ್ರ 10ರ ಅಂತರ. ಧಾರವಾಡದ 765ನ್ನು 9ರಿಂದ ಭಾಗಿಸಿ ನೋಡಿ, ಸರಿಯಾಗಿ 85. ಭದ್ರಾವತಿ 675, ಅಂದರೆ 75. ಬೆಂಗಳೂರು 612, ಅಂದರೆ 68. ಎಲ್ಲವೂ 9ರ ಮಗ್ಗಿಯಲ್ಲಿ ಬರುತ್ತವೆ. ಈ ಕಪ್ಪು ಸೆಟ್ಟು ಅಮೆರಿಕದವರಿಗಾಗಿ ಮಾಡಿದ್ದು. ಅದು ಹತ್ತರ ಮಗ್ಗಿ ಬಿಟ್ಟು ಆಚೆ ಈಚೆ ಹೋಗುವುದಿಲ್ಲ. ನಮ್ಮ ಮನೆ ಎರಡು ಸ್ಟಾಪಿನ ಮಧ್ಯೆ ಇದ್ದು, ಬಸ್ಸು ಎರಡೂ ಕಡೆ ನಿಂತು ನಮ್ಮ ಮನೆ ಮುಂದೆ ಮಾತ್ರ ನಿಲ್ಲದೆ ಹೋದ ಹಾಗೆ.

ಪೂರ್ತಿ ಬರುವುದೇ ಇಲ್ಲ ಅಂತಲ್ಲ. 760ರಲ್ಲೂ 770ರಲ್ಲೂ ಧಾರವಾಡದ ದನಿ ಸಿಗುತ್ತದೆ. ಆದರೆ ಐದು ಕಿಲೋಹರ್ಟ್ಜ್ ಪಕ್ಕಕ್ಕೆ ಸರಿದ ದನಿ ಅದು. ‘ಸ’, ‘ಶ’ ಬಂದಲ್ಲೆಲ್ಲ ಕರಕರ. ವಾರ್ತೆ ಓದುವವರು ಯಾವ ತಾಲ್ಲೂಕಿನ ಹೆಸರು ಹೇಳಿದರು ಅಂತ ತಿಳಿಯುವುದಿಲ್ಲ. ಸಿದ್ದಾಪುರಕ್ಕೆ ಶಾಲಾ ರಜೆಯೋ ಯಲ್ಲಾಪುರಕ್ಕೋ ಅಂತ ಊಹೆ ಮಾಡುತ್ತಾ ಕೂರಬೇಕು. ಮಳೆ ಬೇರೆ ಹಂಚಿನ ಮೇಲೆ ಹೊಡೆಯುತ್ತಿರುತ್ತದೆ.

ಕೆಲವು ಡಿಜಿಟಲ್ ಸೆಟ್ಟುಗಳಲ್ಲಿ 9 ಮತ್ತು 10ರ ನಡುವೆ ಬದಲಿಸಲು ದಾರಿ ಇರುತ್ತದೆ. ಸೆಟ್ ಆಫ್ ಇರುವಾಗ ಒಂದು ಗುಂಡಿಯನ್ನು ಒತ್ತಿ ಹಿಡಿಯುವುದು, ಇಲ್ಲವೇ ಹಿಂದೆ ಒಂದು ಸಣ್ಣ ಸ್ವಿಚ್. ಈ ಸೆಟ್ಟಿನ ಎಲ್ಲ ಗುಂಡಿ ಒತ್ತಿ ನೋಡಿದೆ. ಪುಸ್ತಿಕೆಯಲ್ಲಿ ಅದರ ಸುದ್ದಿಯೇ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ, “ಮೇಡಂ, ಆನ್ ಆಗ್ತಾ ಇದೆಯಲ್ಲ? ಎಫ್ಎಂ ಬರ್ತಾ ಇದೆಯಲ್ಲ? ಹಾಗಾದ್ರೆ ಡಿಫೆಕ್ಟ್ ಅಲ್ಲ” ಅಂದರು. ಅವರ ಲೆಕ್ಕದಲ್ಲಿ ಅದು ಸರಿ. ಧಾರವಾಡ ಬರಬೇಕು ಅಂತ ಡಬ್ಬದ ಮೇಲೆ ಬರೆದಿಲ್ಲವಲ್ಲ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ವಾಪಸ್ ತಗೊಳ್ಳುವ ಅವಧಿ ಮುಗಿಯಿತು ಅಂತ ಆಮೇಲೆ ಮೆಸೇಜ್ ಬಂತು.

ಹಳದಿ ಸೆಟ್ಟಿನಲ್ಲಿ ಈ ತಲೆಬಿಸಿ ಇಲ್ಲ. ಚಕ್ರ ತಿರುಗಿಸಿದರೆ ಮುಳ್ಳು ಎಲ್ಲ ಕಡೆಯೂ ಹಾದುಹೋಗುತ್ತದೆ. 760ಕ್ಕೂ 770ಕ್ಕೂ ನಡುವೆ ಎಲ್ಲಿ ದನಿ ತಿಳಿಯಾಗುತ್ತದೋ ಅಲ್ಲಿ ಬಿಟ್ಟರಾಯಿತು. ಅಪ್ಪಯ್ಯ ಆ ಜಾಗಕ್ಕೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಾರೆ. ಆಯಿಗೆ ಕನ್ನಡಕ ಇಲ್ಲದೆಯೂ ಧಾರವಾಡ ಸಿಗುತ್ತದೆ.

ಕಪ್ಪು ಸೆಟ್ಟಿನ ಇನ್ನೊಂದು ದೊಡ್ಡ ಜಾಹೀರಾತು ‘ವೆದರ್ ಅಲರ್ಟ್’ ಗುಂಡಿ. ಅದು ಹಿಡಿಯುವುದು ಅಮೆರಿಕದ ಹವಾಮಾನ ಇಲಾಖೆ 162.400ರಿಂದ 162.550 ಮೆಗಾಹರ್ಟ್ಜ್‌ನಲ್ಲಿ ಬಿಡುವ ಪ್ರಸಾರವನ್ನು. ನಮ್ಮಲ್ಲಿ ಅಂಥ ಪ್ರಸಾರವೇ ಇಲ್ಲ. ಒತ್ತಿದರೆ ಸದ್ದಿಲ್ಲ.

ಇನ್ನು ಸೋಲಾರ್. ಇದನ್ನು ನಂಬಿ ಕೊಳ್ಳುವವರು ಜಾಸ್ತಿ, ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ. ಕಪ್ಪು ಸೆಟ್ಟಿನ ಲಿಥಿಯಂ ಬ್ಯಾಟರಿ 2000 ಎಂಎಎಚ್, 3.7 ವೋಲ್ಟ್. ಗುಣಿಸಿದರೆ 7.4 ವಾಟ್-ಅವರ್, ಅಂದರೆ ತಾಸಿಗೆ ಒಂದು ವಾಟ್‌ನಂತೆ 7.4 ತಾಸು ತುಂಬಿದಷ್ಟು. ತಲೆಯ ಮೇಲಿನ ಪ್ಯಾನೆಲ್ ಮೊಬೈಲ್‌ಗಿಂತ ಚಿಕ್ಕದು. ನಡುಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಹಿಡಿದರೂ ಅರ್ಧ ವಾಟ್ ಕೊಟ್ಟರೆ ದೊಡ್ಡ ಮಾತು. ಅಂದರೆ ಮಾರ್ಚ್ ತಿಂಗಳ ಖಡಕ್ ಬಿಸಿಲಿನಲ್ಲೇ ತುಂಬಲು ಹದಿನೈದು ತಾಸಿನ ಮೇಲೆ ಬೇಕು. ಮೋಡ ಕವಿದರೆ ಅದರ ಒಂದು ಸಣ್ಣ ಪಾಲಷ್ಟೇ ಬರುತ್ತದೆ. ರೇಡಿಯೋ ಬೇಕಾಗುವುದು ಆಷಾಢದಲ್ಲಿ, ಆಗ ಹಗಲಿಗೇ ಲೈಟ್ ಹಾಕಿ ಕೂತಿರುತ್ತೇವೆ. 2021ರ ತೌಕ್ತೆ ಚಂಡಮಾರುತ ಮೇ ತಿಂಗಳಲ್ಲಿ ಬಂದಾಗಲೂ ಮೊದಲು ಮುಚ್ಚಿಕೊಂಡದ್ದು ಆಕಾಶವೇ. ಸೋಲಾರ್‌ನಿಂದ ಒಂದು ಉಪಕಾರ ಇದೆ. ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟರೆ ಬ್ಯಾಟರಿ ಪೂರ್ತಿ ಸತ್ತುಹೋಗದ ಹಾಗೆ ಉಳಿಯುತ್ತದೆ. ಅಂಗಳದ ಸುಡುಬಿಸಿಲಿಗೆ ಮಾತ್ರ ಇಡಬೇಡಿ, ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡಿದರೆ ಅದರ ಆಯುಷ್ಯ ಕಮ್ಮಿಯಾಗುತ್ತದೆ. ಎರಡೂ ಸೆಟ್ಟಿನ ಪ್ಯಾನೆಲ್ ಒಂದೇ ಥರ ಸಪ್ಪೆ. ಇದರಲ್ಲಿ ಗೆದ್ದವರು ಯಾರೂ ಇಲ್ಲ.

ಹ್ಯಾಂಡಲ್ ಬೇರೆ ವಿಷಯ. ಅದು ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಡಬ್ಬದ ಮೇಲೆ ಹೇಳಿದ ಹಾಗಲ್ಲ. ಒಂದು ನಿಮಿಷ ಸಮನಾಗಿ ತಿರುಗಿಸಿದರೆ ಹಳದಿ ಸೆಟ್ಟು ಸಣ್ಣ ದನಿಯಲ್ಲಿ ಐದಾರು ನಿಮಿಷ ಮಾತಾಡುತ್ತದೆ. ಒಂದು ವಾರ್ತೆ ಕೇಳಲು ಎರಡು ನಿಮಿಷ ತಿರುಗಿಸಿ, ಸಾಕು. ಜೋರಾಗಿ ತಿರುಗಿಸಿದರೆ ಜಾಸ್ತಿ ಬರುತ್ತೆ ಅಂತ ಮಕ್ಕಳು ಗರಗರ ಸುತ್ತುತ್ತಾರೆ. ಒಳಗಿರುವುದು ಪ್ಲಾಸ್ಟಿಕ್ ಹಲ್ಲಿನ ಚಕ್ರ, ಹಾಗೆ ಮಾಡಿದರೆ ಸವೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಆಸೆ ಮಾತ್ರ ಬಿಟ್ಟುಬಿಡಿ. ಈಗಿನ 5000 ಎಂಎಎಚ್ ಫೋನ್ ತುಂಬಲು ಸುಮಾರು 19 ವಾಟ್-ಅವರ್ ಬೇಕು. ಕೈಯಲ್ಲಿ ಬರುವುದು ಒಂದೋ ಎರಡೋ ವಾಟ್. ಒಂದು ತಾಸು ತಿರುಗಿಸಿದರೂ ಹತ್ತು ಪರ್ಸೆಂಟ್ ಮುಟ್ಟುವುದು ಕಷ್ಟ, ರಟ್ಟೆ ಬಿದ್ದುಹೋಗುತ್ತದೆ.

1990ರ ದಶಕದಲ್ಲಿ ಬ್ರಿಟನ್ನಿನ ಟ್ರೆವರ್ ಬೇಲಿಸ್ ಇಂಥ ರೇಡಿಯೋ ಮಾಡಿದಾಗ ಅದರಲ್ಲಿ ಸ್ಪ್ರಿಂಗ್ ಇತ್ತು. ಕೀ ಕೊಟ್ಟರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಕರೆಂಟು ಕೊಡುತ್ತಿತ್ತು. ಬ್ಯಾಟರಿ ಹಾಳಾಯಿತು ಎನ್ನುವ ಮಾತೇ ಇರಲಿಲ್ಲ. ಈಗಿನವು ಎಲ್ಲ ಬ್ಯಾಟರಿಗೆ ತುಂಬುತ್ತವೆ. ಹಾಗಾಗಿ ಬ್ಯಾಟರಿ ಸತ್ತರೆ ಹ್ಯಾಂಡಲ್ ಇದ್ದೂ ಸುಮ್ನೆ. ವರ್ಷವಿಡೀ ಖಾಲಿ ಬಿಟ್ಟ ಲಿಥಿಯಂ ಬ್ಯಾಟರಿ ಮತ್ತೆ ಏಳದೇ ಹೋಗಬಹುದು. ತಿಂಗಳಿಗೊಮ್ಮೆ ಯುಎಸ್‌ಬಿಯಲ್ಲಿ ಚಾರ್ಜ್ ಹಾಕುವ ಅಭ್ಯಾಸ ನಿಮಗಿದ್ದರೆ ಚಿಂತೆಯಿಲ್ಲ. ನನಗಿಲ್ಲ.

ಅದಕ್ಕೇ ಪೆನ್ ಸೆಲ್ ಜಾಗ ನನಗೆ ಅಷ್ಟು ಮುಖ್ಯ. ಹಳದಿ ಸೆಟ್ಟಿಗೆ ಮೂರು ಸಣ್ಣ ಪೆನ್ ಸೆಲ್ ಹಿಡಿಯುತ್ತವೆ. ಒಳ್ಳೆ ಆಲ್ಕಲೈನ್ ಸೆಲ್ ಹಾಕಿದರೆ ಒಂದು ಗಾಳಿಮಳೆಯ ವಾರವನ್ನು ಆರಾಮಾಗಿ ಕಳೆಯಬಹುದು, ಹ್ಯಾಂಡಲ್ ಮುಟ್ಟುವುದೇ ಬೇಡ. ಊರಿನ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಕಪ್ಪು ಸೆಟ್ಟಿನಲ್ಲಿ ಸೆಲ್ ಹಾಕಲು ಜಾಗವೇ ಇಲ್ಲ. ಒಂದು ಎಚ್ಚರ ಬೇಕು: ನಮ್ಮ ಕಡಲ ಗಾಳಿಗೆ ಸೆಲ್ಲಿನ ಸ್ಪ್ರಿಂಗ್‌ಗಳು ಬೇಗ ಹಸಿರು ಹಿಡಿಯುತ್ತವೆ. ಬಳಸದಾಗ ಸೆಲ್ ತೆಗೆದು, ಸೆಟ್ಟನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಡಿ. ಹಸಿರು ಬಂದರೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಒಣಗಿಸಿದರಾಯಿತು.

ಪಾಕೆಟ್ ರೇಡಿಯೋ ಬಗ್ಗೆ ಹೇಳುವುದು ಕಡಿಮೆ. ಬೆಲೆ ಸಾವಿರದ ಆಸುಪಾಸು, ಎರಡು ಪೆನ್ ಸೆಲ್, ಮುಳ್ಳಿನ ಡಯಲ್. ದನಿ ಹಳದಿಗಿಂತ ಚೆನ್ನಾಗಿದೆ. ಹ್ಯಾಂಡಲ್ ಇಲ್ಲ, ಟಾರ್ಚ್ ಇಲ್ಲ. ಬೈತಖೋಲ ಬಂದರಿನ ಕಡೆ ದುಡಿಯುವ ಪಕ್ಕದ ಮನೆಯ ಅಣ್ಣನ ಅಂಗಿ ಜೇಬಿನಲ್ಲಿರುವುದು ಇಂಥದ್ದೇ.

ಮೀಡಿಯಂ ವೇವ್ ಬಳಸಿ ರೂಢಿ ಇಲ್ಲದವರಿಗೆ ಒಂದೆರಡು ಮಾತು. ಅದರ ಆಂಟೆನಾ ಉದ್ದ ಕಡ್ಡಿಯಲ್ಲ, ಸೆಟ್ಟಿನ ಒಳಗೆ ಅಡ್ಡ ಇರುವ, ತಂತಿ ಸುತ್ತಿದ ಫೆರೈಟ್ ಎಂಬ ಕಪ್ಪು ತುಂಡು. ಕಡ್ಡಿ ಎಳೆದು ಪ್ರಯೋಜನವಿಲ್ಲ, ಇಡೀ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ ನೋಡಬೇಕು. ಎಲ್ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಹತ್ತಿರ ಇದ್ದರೆ ಗುಂಯ್ ಅನ್ನುತ್ತದೆ. ಕರೆಂಟು ಹೋದ ಮೇಲೆ ಧಾರವಾಡ ಇನ್ನೂ ಚೆನ್ನಾಗಿ ಬರುತ್ತದೆ! ಇನ್ವರ್ಟರ್ ಇದ್ದರೆ ವಾರ್ತೆ ಮುಗಿಯುವ ತನಕ ಅದನ್ನೂ ಆಫ್ ಮಾಡಿ. ಸಿಡಿಲು ಹೊಡೆದಾಗಿನ ಪಟಪಟ ಸದ್ದಿಗೆ ಮದ್ದಿಲ್ಲ. ರಾತ್ರಿ ಹೊತ್ತು ದೂರದ ಬೇರೆ ಕೇಂದ್ರಗಳು ಬಂದು ಬೆರೆಯುತ್ತವೆ, ಹಾಗಾಗಿ ಬೆಳಗಿನ ವಾರ್ತೆ ನಂಬುವುದು ಒಳ್ಳೆಯದು.

ಹಳದಿಗೂ ಕೊರತೆ ಇದೆ. ತಿರುಗಿಸುವಾಗ ಬರುವ ಸದ್ದಿಗೆ ವಾರ್ತೆ ಕೇಳಿಸುವುದಿಲ್ಲ, ಮೊದಲು ತಿರುಗಿಸಿ ಆಮೇಲೆ ಕೇಳಬೇಕು. ಟಾರ್ಚ್ ಮಂಕು. ಮುಳ್ಳು ಕೈ ತಾಗಿದರೆ ಸರಿಯುತ್ತದೆ.

ಎರಡು ಸಾವಿರದ ಒಳಗೆ ಖರ್ಚು ಮಾಡುವವರಾದರೆ ಹಳದಿಯಂಥದ್ದು ತಗೊಳ್ಳಿ, ಉಳಿದ ದುಡ್ಡಿಗೆ ಒಂದು ಪವರ್ ಬ್ಯಾಂಕ್ ಕೊಂಡು ಮೇ ಕೊನೆಗೆ ತುಂಬಿಸಿಡಿ. ಫೋನಿಗೆ ಅದು, ಸುದ್ದಿಗೆ ಇದು. ಸಾವಿರವೇ ಮಿತಿ ಅಂದರೆ ಪಾಕೆಟ್ ರೇಡಿಯೋ ಮತ್ತು ಒಂದು ಪಟ್ಟಿ ಸೆಲ್. ಕಾರವಾರ ಪೇಟೆ ಬಿಟ್ಟು ಎಲ್ಲೂ ಹೋಗದವರು, ಎಫ್ಎಂ ಒಂದೇ ಸಾಕು ಅನ್ನುವವರು ಕಪ್ಪು ಸೆಟ್ಟು ಕೊಂಡರೂ ನಷ್ಟವಿಲ್ಲ, ಅದರ ಟಾರ್ಚ್ ನಿಜಕ್ಕೂ ಜೋರು. ಘಟ್ಟದ ಮೇಲಿನವರು ಡಿಜಿಟಲ್ ಸೆಟ್ಟೇ ಬೇಕು ಅಂತಿದ್ದರೆ ದುಡ್ಡು ಕೊಡುವ ಮೊದಲು ಮಾರುವವರ ಹತ್ತಿರ 765 ಹಾಕಿ ತೋರಿಸಿ ಅನ್ನಿ. ಆನ್‌ಲೈನ್ ಆದರೆ ಸ್ಕ್ರೀನಿನ ಫೋಟೋ ಕೇಳಿ. 765 ಅಂತ ಸ್ಕ್ರೀನಿನಲ್ಲಿ ಬರದಿದ್ದರೆ ಬೇಡ.