ಕಾದಂಬರಿ ಓದಲೆಂದೇ ಇಟ್ಟುಕೊಂಡ ಇ-ರೀಡರ್: ಕೆಲವು ವರ್ಷಗಳ ಬಳಕೆಯ ನಂತರ

ಆರು ಇಂಚಿನ, ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಇ-ರೀಡರ್ (ಇ-ಪುಸ್ತಕ ಓದುವ ಸಾಧನ) ಒಂದನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹೊಸತರಲ್ಲಿ ಬರೆದ ವಿಮರ್ಶೆಗಳಲ್ಲಿ ಪರದೆಯ ಹೊಳಪು, ಮೆಮೊರಿ, ಪೆಟ್ಟಿಗೆಯೊಳಗೆ ಏನೇನಿತ್ತು ಎಂಬ ವಿವರಗಳೇ ತುಂಬಿರುತ್ತವೆ. ಅವು ಕೊಳ್ಳುವ ದಿನಕ್ಕೆ ಬೇಕಾಗುತ್ತವೆಯೇ ಹೊರತು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ನಾನಿಲ್ಲಿ ನೋಡಹೊರಟಿರುವುದು ಒಂದೇ ವಿಷಯವನ್ನು: ಯಾವ ಪ್ರಯೋಜನವನ್ನೂ ಬಯಸದೆ, ಬರಿಯ ಸಂತೋಷಕ್ಕಾಗಿ, ಮನಸ್ಸಿನ ನೆಮ್ಮದಿಗಾಗಿ ಕಾದಂಬರಿ ಓದುವವರಿಗೆ ಇದು ಎಷ್ಟರಮಟ್ಟಿಗೆ ಒದಗಿಬರುತ್ತದೆ? ಹೇಳಲಿರುವುದರಲ್ಲಿ ಬಹುಪಾಲು ಎಲ್ಲ ಕಂಪನಿಗಳ ಇ-ರೀಡರ್‌ಗಳಿಗೂ ಅನ್ವಯಿಸುವುದರಿಂದ ನನ್ನಲ್ಲಿರುವ ಮಾದರಿಯ ಹೆಸರನ್ನು ಹೇಳುತ್ತಿಲ್ಲ.

ನನ್ನ ವೃತ್ತಿಯೇ ಓದಿನದು. ವರದಿ, ಕರಡು, ಪತ್ರ, ತಿದ್ದುಪಡಿ ಎಂದು ದಿನವಿಡೀ ಪುಟಗಳು ಕಣ್ಣೆದುರು ಸಾಗುತ್ತಿರುತ್ತವೆ, ಅವೆಲ್ಲವನ್ನೂ ಬೇಗಬೇಗ, ಬೇಕಾದುದನ್ನಷ್ಟೇ ಹೆಕ್ಕಿಕೊಂಡು, ಬೇಡವಾದುದನ್ನು ಹಾರಿಸುತ್ತ ಓದಬೇಕಾಗುತ್ತದೆ. ಈ ಬಗೆಯ ಓದು ಮೈಗೂಡಿಬಿಟ್ಟರೆ ಕಾದಂಬರಿಯನ್ನೂ ಹಾಗೆಯೇ ಓದತೊಡಗುತ್ತೇವೆ. ಮಳೆಯ ವರ್ಣನೆ ಬಂದರೆ ಕಣ್ಣು ಜಾರಿ ಮುಂದಿನ ಸಂಭಾಷಣೆಗೆ ಹೋಗಿ ನಿಲ್ಲುತ್ತದೆ. ಪಾತ್ರವೊಂದು ಸುಮ್ಮನೆ ಕುಳಿತು ಯೋಚಿಸುತ್ತಿದ್ದರೆ ‘ಸರಿ, ಮುಂದೇನಾಯಿತು?’ ಎಂದು ಮನಸ್ಸು ಆತುರಪಡುತ್ತದೆ. ಹರೆಯದಲ್ಲಿ ನಿದ್ದೆಗೆಟ್ಟು ಕಾದಂಬರಿ ಓದಿದವರು ನಡುವಯಸ್ಸಿನಲ್ಲಿ ‘ಈಗ ಓದಲು ಆಗುತ್ತಿಲ್ಲ’ ಎನ್ನುವುದಕ್ಕೆ ಪುರುಸೊತ್ತಿಲ್ಲದಿರುವುದೊಂದೇ ಕಾರಣವಲ್ಲ. ಪುರುಸೊತ್ತು ಸಿಕ್ಕ ಹೊತ್ತಿನಲ್ಲೂ ಕಣ್ಣು ಕಚೇರಿಯ ಕಣ್ಣಾಗಿಯೇ ಉಳಿದಿರುತ್ತದೆ. ಈ ಉಪಕರಣವನ್ನು ಕೊಂಡಾಗ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಆಗಿತ್ತು.

ಮೊದಲು ಪರದೆಯ ಮಾತು. ಇ-ಇಂಕ್ ತಂತ್ರಜ್ಞಾನದ ಮೂಲ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ ಎಂಬ ಪ್ರಯೋಗಾಲಯ. ಅದನ್ನು ಮಾರುಕಟ್ಟೆಗೆ ತರಲು 1997ರಲ್ಲಿ ಅದೇ ಹೆಸರಿನ ಕಂಪನಿ ಸ್ಥಾಪನೆಯಾಯಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಇಂತಹ ಪರದೆಯ ಇ-ರೀಡರನ್ನು ಬಿಡುಗಡೆ ಮಾಡಿತು. 2007ರಲ್ಲಿ ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್ ಬಂದ ಮೇಲೆ ಈ ಪರದೆ ಮನೆಮಾತಾಯಿತು. ಪರದೆಯ ಒಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು ಅಸಂಖ್ಯವಾಗಿದ್ದು, ಒಂದೊಂದರಲ್ಲೂ ಪರಸ್ಪರ ವಿರುದ್ಧ ವಿದ್ಯುದಂಶದ ಕಪ್ಪು ಮತ್ತು ಬಿಳಿ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ ಹಾಯಿಸಿದಾಗ ಅವುಗಳಲ್ಲಿ ಒಂದು ಬಣ್ಣದವು ಮೇಲಕ್ಕೆ ಬರುತ್ತವೆ, ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ, ಆಮೇಲೆ ಹಾಗೆಯೇ ನಿಂತುಬಿಡುತ್ತವೆ. ಪುಟ ಮೂಡಿದ ನಂತರ ಅದನ್ನು ಉಳಿಸಿಕೊಳ್ಳಲು ವಿದ್ಯುತ್ತೇ ಬೇಕಾಗುವುದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದಕ್ಕೆ ಇದೇ ಕಾರಣ. ಆದರೆ ಓದುಗನಿಗೆ ಬ್ಯಾಟರಿಗಿಂತ ದೊಡ್ಡ ಲಾಭವೆಂದರೆ ಆ ನಿಶ್ಚಲತೆ. ನಾವು ತಿರುವುವವರೆಗೆ ಪುಟದಲ್ಲಿ ಏನೂ ಕದಲುವುದಿಲ್ಲ, ಮೂಲೆಯಲ್ಲಿ ಯಾವ ಸೂಚನೆಯೂ ಇಣುಕುವುದಿಲ್ಲ. ಅರ್ಧ ಗಂಟೆ ಫೋನಿನಲ್ಲಿ ಓದಿ ಬಳಿಕ ಇದನ್ನು ಕೈಗೆತ್ತಿಕೊಂಡರೆ ವ್ಯತ್ಯಾಸ ಕಣ್ಣಿಗಿಂತ ಮೊದಲು ಮನಸ್ಸಿಗೆ ತಿಳಿಯುತ್ತದೆ.

ಬೆಳಕಿನ ವಿಷಯದಲ್ಲಿ ಜನರಲ್ಲಿ ಕೊಂಚ ಗೊಂದಲವಿದೆ. ಇ-ರೀಡರ್‌ನ ಬೆಳಕು ಫೋನಿನಂತೆ ಪರದೆಯ ಹಿಂದಿನಿಂದ ಕಣ್ಣಿಗೆ ಬರುವುದಿಲ್ಲ. ಅಂಚಿನಲ್ಲಿರುವ ಸಣ್ಣ ಎಲ್‌ಇಡಿಗಳ ಬೆಳಕು ಪುಟದ ಮೇಲೆ ಹರಡಿ, ಅಲ್ಲಿಂದ ಪ್ರತಿಫಲಿಸಿ ನಮ್ಮನ್ನು ತಲುಪುತ್ತದೆ. ರಾತ್ರಿಯ ಓದು ನಿದ್ದೆಗೆಡಿಸುತ್ತದೆ ಎಂಬುದಕ್ಕೆ ಆಧಾರವಾಗಿ ಹಲವರು ಹೆಸರಿಸುವ 2014ರ ಅಮೆರಿಕದ ಅಧ್ಯಯನದಲ್ಲಿ, ಬೆಳಕು ಸೂಸುವ ಸಾಧನದಲ್ಲಿ ಓದಿದಾಗ ನಿದ್ದೆ ಹತ್ತಲು ಮುದ್ರಿತ ಪುಸ್ತಕ ಓದಿದಾಗಿನದಕ್ಕಿಂತ ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು, ನಿದ್ದೆಗೆ ನೆರವಾಗುವ ಹಾರ್ಮೋನಾದ ಮೆಲಟೋನಿನ್ ಪ್ರಮಾಣವೂ ತಗ್ಗಿತ್ತು. ಆದರೆ ಅದರಲ್ಲಿ ಭಾಗವಹಿಸಿದ್ದವರು 12 ಜನ, ಅವರ ಎದುರಿಗಿದ್ದುದು ಐಪ್ಯಾಡ್. ಆ ಫಲಿತಾಂಶವನ್ನು ಇ-ಇಂಕ್ ಪರದೆಗೆ ಹಾಗೆಯೇ ಅಂಟಿಸುವುದು ನ್ಯಾಯವಲ್ಲ. ನಾನು ರಾತ್ರಿ ಬೆಳಕನ್ನು ಅತಿ ಕಡಿಮೆಗೆ ಇಳಿಸಿ, ಹಳದಿ ಛಾಯೆಗೆ ಹೊರಳಿಸಿಕೊಂಡು ಓದುತ್ತೇನೆ. ನಿದ್ದೆ ತಡವಾಗುವುದುಂಟು, ಆದರೆ ಅದು ಕತೆಗಾರರ ಕೈಚಳಕದಿಂದ.

ಇನ್ನು ಈ ಯಂತ್ರದ ಮಂದಗತಿ. ಇದರಲ್ಲಿ ಬ್ರೌಸರ್ ಇದೆ, ಆದರೆ ಯಾರೂ ಅದನ್ನು ಎರಡನೆಯ ಸಲ ತೆರೆಯಲಾರರು. ಒಂದು ಹೆಸರನ್ನು ಟೈಪ್ ಮಾಡುವಷ್ಟರಲ್ಲಿ ತಾಳ್ಮೆ ತೀರಿಹೋಗುತ್ತದೆ. ತಾಂತ್ರಿಕ ವಿಮರ್ಶಕರು ಇದನ್ನು ದೋಷಗಳ ಪಟ್ಟಿಗೆ ಸೇರಿಸುತ್ತಾರೆ. ಕಾದಂಬರಿ ಓದುಗನಾಗಿ ನಾನು ಸೇರಿಸುವುದಿಲ್ಲ. ಕತೆಯಲ್ಲಿ ಒಂದು ಊರಿನ ಹೆಸರು ಬಂದೊಡನೆ ಅದರ ನಕ್ಷೆ ಹುಡುಕಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಹಿಂದಿರುಗುವ ಹೊತ್ತಿಗೆ ಕತೆ ತಣ್ಣಗಾಗಿರುವ ಅನುಭವ ಫೋನಿನಲ್ಲಿ ಓದುವ ಎಲ್ಲರಿಗೂ ಉಂಟು. ಇಲ್ಲಿ ಆ ಆಸೆ ಹುಟ್ಟಿದರೂ ಯಂತ್ರ ಸಹಕರಿಸುವುದಿಲ್ಲ, ಹಾಗಾಗಿ ಕತೆಗಾರರು ಕೊಟ್ಟಷ್ಟರಲ್ಲೇ ಆ ಊರನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಕಾದಂಬರಿ ಓದಿನ ಸುಖದ ದೊಡ್ಡ ಪಾಲು ಇರುವುದೇ ಈ ಕಟ್ಟಿಕೊಳ್ಳುವುದರಲ್ಲಿ.

ಈ ಉಪಕರಣದ ಬಗ್ಗೆ ನನಗಿರುವ ಮುಖ್ಯ ತಕರಾರು ಬೇರೆ. ಅದು ಎಣಿಸುತ್ತದೆ. ಕೆಳಗಿನ ಮೂಲೆಯಲ್ಲಿ ಶೇಕಡಾವಾರು, ಇನ್ನೊಂದು ಮೂಲೆಯಲ್ಲಿ ‘ಅಧ್ಯಾಯ ಮುಗಿಯಲು ಇನ್ನು ಇಷ್ಟು ನಿಮಿಷ’, ಮುಖಪುಟಕ್ಕೆ ಬಂದರೆ ಸತತವಾಗಿ ಎಷ್ಟು ದಿನ ಓದಿದಿರಿ ಎಂಬ ಲೆಕ್ಕ, ವರ್ಷಕ್ಕೆ ಎಷ್ಟು ಪುಸ್ತಕ ಎಂಬ ಗುರಿ. ಕಚೇರಿಯ ಕಣ್ಣಿಗೆ ಇವೆಲ್ಲ ಬಹಳ ಹಿತ. ನಿಮಿಷಗಳು ಇಳಿಯುವುದನ್ನು ನೋಡುತ್ತ ಓದಿದರೆ ಓದು ಚುರುಕಾಗುತ್ತದೆ, ಆದರೆ ಚುರುಕಾಗುವುದು ಪುಟ ದಾಟುವ ಕೆಲಸ ಮಾತ್ರ. ಸುಖಕ್ಕಾಗಿ ಓದುವವರನ್ನು ಗಂಭೀರವಾಗಿ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ವಿಕ್ಟರ್ ನೆಲ್ 1988ರಲ್ಲೇ ಗುರುತಿಸಿದ್ದ ಸಂಗತಿಯೊಂದಿದೆ: ಇಂತಹ ಓದುಗರು ತಮಗೆ ತುಂಬ ಇಷ್ಟವಾದ ಭಾಗ ಬಂದಾಗ ವೇಗವನ್ನು ತಗ್ಗಿಸುತ್ತಾರೆ. ಇಷ್ಟವಾದುದರ ಬಳಿ ತಂಗುವುದೇ ಈ ಓದಿನ ಸ್ವಭಾವವಾದರೆ, ತಂಗಿದಷ್ಟೂ ಹೊತ್ತು ‘ಉಳಿದ ನಿಮಿಷ’ವನ್ನು ಹೆಚ್ಚಿಸಿ ತೋರಿಸುವ ಯಂತ್ರ ಅದಕ್ಕೆ ಅಡ್ಡಬರುತ್ತದೆಯೇ ವಿನಾ ನೆರವಾಗುವುದಿಲ್ಲ.

ಆದ್ದರಿಂದ ಇದನ್ನು ಕೊಳ್ಳುವವರು ಮೊದಲ ಸಂಜೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಈ ಎಣಿಕೆಗಳನ್ನೆಲ್ಲ ನಿಲ್ಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎಷ್ಟು ಜನ ಯಾವ ಸಾಲಿಗೆ ಅಡಿಗೆರೆ ಎಳೆದಿದ್ದಾರೆಂದು ತೋರಿಸುವ ಸೌಲಭ್ಯವಿದ್ದರೆ ಅದನ್ನೂ. ಯಾರೋ ಮೆಚ್ಚಿದ ಸಾಲು ಎದುರಾದ ಕೂಡಲೇ ನಾವೂ ಅದನ್ನು ಮೆಚ್ಚಬೇಕೇನೋ ಎಂಬ ಪರೀಕ್ಷಾ ಭಾವ ಹುಟ್ಟುತ್ತದೆ. ಇವನ್ನೆಲ್ಲ ತೆಗೆದ ಮೇಲೆ ಪರದೆಯಲ್ಲಿ ಅಕ್ಷರಗಳು ಮಾತ್ರ ಉಳಿಯುತ್ತವೆ, ಪುಟಸಂಖ್ಯೆಯೂ ಇರುವುದಿಲ್ಲ. ನನ್ನ ಓದು ಮೊದಲಿನ ಲಯಕ್ಕೆ ಮರಳಿದ್ದು ಇದಾದ ಮೇಲೆಯೇ. ಮಳೆಯ ವರ್ಣನೆ ಈಗ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಒಂದು ಪ್ಯಾರಾದ ಕೊನೆಗೆ ಬಂದು, ಕಾರಣವಿಲ್ಲದೆ, ಮತ್ತೆ ಅದರ ಆರಂಭಕ್ಕೆ ಹೋಗುತ್ತೇನೆ.

ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದ್ದರು. ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಓದಿದ್ದನ್ನೇ ಮತ್ತೆ ಓದುವ ಹಕ್ಕು ಅದರಲ್ಲಿ ಸೇರಿವೆ. ಈ ಮೂರರಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಇ-ರೀಡರ್ ಹೇಳಿ ಮಾಡಿಸಿದಂತಿದೆ. ಕೊಳ್ಳುವ ಮುನ್ನ ಮೊದಲ ಅಧ್ಯಾಯವನ್ನು ಉಚಿತವಾಗಿ ಓದಬಹುದಾದ್ದರಿಂದ ಹಿಡಿಸದ ಪುಸ್ತಕವನ್ನು ಬಿಡುವಾಗ ಕೊಟ್ಟ ಹಣದ ಸಂಕಟವಿಲ್ಲ, ಕಪಾಟಿನಿಂದ ಅದು ದಿಟ್ಟಿಸುವುದೂ ಇಲ್ಲ. ಮರುಓದಿನ ಸುಖವಂತೂ ದೊಡ್ಡದು. ಮನಸ್ಸು ದಣಿದ ದಿನ ಹೊಸ ಕತೆಯ ಹತ್ತು ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ಬೇಕಾಗುವುದು ಪರಿಚಿತ ಪಾತ್ರಗಳು, ಎಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತಿರುವ ಭರವಸೆ. ಅಂತಹ ಐದಾರು ಕಾದಂಬರಿಗಳನ್ನು ನಾನು ಬೇರೆಯೇ ಸಂಗ್ರಹವಾಗಿ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯ ಕಾಯುವ ಕೋಣೆಯಲ್ಲಾಗಲಿ ತಡವಾದ ರೈಲಿನಲ್ಲಾಗಲಿ, ಅವುಗಳಲ್ಲಿ ಒಂದನ್ನು ನಡುವಿನಿಂದಲೇ ತೆರೆದು ಓದುವುದರಲ್ಲಿ ಸಿಗುವ ಸಮಾಧಾನ ಹೊಸ ಪುಸ್ತಕದಲ್ಲಿ ಸಿಗುವುದಿಲ್ಲ. ಆಯಾಸವಾದಾಗ ಅಕ್ಷರವನ್ನು ಎರಡು ಅಳತೆ ದೊಡ್ಡದು ಮಾಡಿಕೊಳ್ಳುವುದೂ ಈ ಸಮಾಧಾನದ ಒಂದು ಭಾಗವೇ.

ಹಾಗೆಂದು ಕಾಗದದ ಪುಸ್ತಕಕ್ಕೆ ಇದು ಎಲ್ಲ ವಿಧದಲ್ಲೂ ಸಾಟಿಯಲ್ಲ. ಓದಿನ ಬಗ್ಗೆ ಸಂಶೋಧನೆ ಮಾಡುವ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಜನರಿಗೆ 28 ಪುಟಗಳ ಪತ್ತೇದಾರಿ ಕತೆಯೊಂದನ್ನು ಓದಲು ಕೊಡಲಾಗಿತ್ತು. ಅರ್ಧದಷ್ಟು ಮಂದಿ ಮುದ್ರಿತ ರೂಪದಲ್ಲಿ, ಉಳಿದವರು ಕಿಂಡಲ್‌ನಲ್ಲಿ ಓದಿದರು. ಹೆಚ್ಚಿನ ಪ್ರಶ್ನೆಗಳಿಗೆ ಎರಡೂ ಗುಂಪಿನ ಉತ್ತರಗಳು ಹೆಚ್ಚುಕಡಿಮೆ ಸಮನಾಗಿದ್ದವು. ಆದರೆ ಘಟನೆಗಳು ಯಾವ ಕ್ರಮದಲ್ಲಿ, ಯಾವಾಗ ನಡೆದವು ಎಂಬುದನ್ನು ಹೇಳುವಲ್ಲಿ ಮುದ್ರಿತ ಪುಸ್ತಕ ಓದಿದವರು ಮುಂದಿದ್ದರು. ನನ್ನ ಅನುಭವವೂ ಇದಕ್ಕೆ ತಾಳೆಯಾಗುತ್ತದೆ. ಕಾಗದದಲ್ಲಿ ‘ಎಡಪುಟದ ಮೇಲ್ಭಾಗದಲ್ಲಿ, ಪುಸ್ತಕದ ಮೂರನೆಯ ಒಂದು ಭಾಗ ಕಳೆದ ಮೇಲೆ’ ಎಂದು ನೆನಪಾಗುವ ಪ್ರಸಂಗ ಇಲ್ಲಿ ಎಲ್ಲೋ ತೇಲುತ್ತಿರುತ್ತದೆ. ಮೂರು ತಲೆಮಾರಿನ ಕತೆ ಹೇಳುವ, ವಂಶವೃಕ್ಷವನ್ನು ಮತ್ತೆ ಮತ್ತೆ ತಿರುವಿ ನೋಡಬೇಕಾದ ಕಾದಂಬರಿಗಳನ್ನು ನಾನು ಈಗಲೂ ಕಾಗದದಲ್ಲೇ ಓದುತ್ತೇನೆ.

ಕನ್ನಡ ಕಾದಂಬರಿಗಳ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ, ಪೂರ್ತಿ ಸರಿಹೋಗಿಲ್ಲ. 1991ರ ಮೊದಲ ಆವೃತ್ತಿಯಿಂದಲೇ, ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ ಇದ್ದರೂ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಜಾಣ್ಮೆ ಉಪಕರಣದ ತಂತ್ರಾಂಶಕ್ಕೂ ಬೇಕು. ಅದಿಲ್ಲದ ಹಳೆಯ ಸಾಧನಗಳಲ್ಲಿ ‘ಅಮ್ಮ’ ಎಂಬುದು ‘ಅಮ್‌ಮ’ ಎಂದು ಒಡೆದು ಕಾಣುತ್ತದೆ. ಈಗಿನ ಸಾಧನದಲ್ಲಿ ಆ ತೊಂದರೆ ಇಲ್ಲ, ಆದರೆ ಕಂಪನಿ ನಿಗದಿಪಡಿಸಿದ ಸಾಲಿನ ಅಂತರ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಾಗಾಗಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು ಒಂದು ಹಂತ ಹೆಚ್ಚಿಸಿಕೊಂಡರೆ ಪುಟ ಉಸಿರಾಡತೊಡಗುತ್ತದೆ. ಎರಡೂ ಅಂಚನ್ನು ಸಮಗೊಳಿಸುವ ಆಯ್ಕೆಯನ್ನು ಕನ್ನಡಕ್ಕೆ ಬಳಸದಿರುವುದೇ ಲೇಸು. ‘ಹೋಗಬೇಕಾಗಿದ್ದುದರಿಂದ’ ಎಂಬಂತಹ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಲು ತಿಳಿಯದ ತಂತ್ರಾಂಶ ಅದನ್ನು ಇಡಿಯಾಗಿ ಕೆಳಕ್ಕೆ ತಳ್ಳುತ್ತದೆ, ಉಳಿದ ಮೂರು ಪದಗಳ ನಡುವೆ ಹೆಬ್ಬೆರಳು ತೂರುವಷ್ಟು ಜಾಗ ಬಿಡುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಕಾದಂಬರಿಗಳ ಪಿಡಿಎಫ್‌ಗಳಿಗೆ ಆರು ಇಂಚಿನ ಪರದೆ ತಕ್ಕುದಲ್ಲ. ಅಕ್ಷರಗಳು ಪರದೆಗೆ ತಕ್ಕಂತೆ ಹರಿಯುವುದಿಲ್ಲ, ಪುಟವನ್ನು ಅಡ್ಡಲಾಗಿಟ್ಟು ಅರ್ಧರ್ಧ ಓದುವಷ್ಟರಲ್ಲಿ ನೆಮ್ಮದಿ ಎಂಬ ಮಾತೇ ಉಳಿಯುವುದಿಲ್ಲ. ಅಕ್ಷರಗಳು ಪರದೆಗೆ ತಕ್ಕಂತೆ ಹರಿಯುವ ಇ-ಪುಸ್ತಕದ ಬಗೆಯಾದ ಇಪಬ್ ರೂಪದಲ್ಲಿ ಸಿಕ್ಕರೆ ಮಾತ್ರ ಕನ್ನಡ ಪುಸ್ತಕ ಇಲ್ಲಿ ಸುಖ.

ಒಡೆತನದ ಪ್ರಶ್ನೆಯನ್ನು ಮರೆಯುವಂತಿಲ್ಲ. ಇ-ಪುಸ್ತಕ ಕೊಂಡಾಗ ಹಲವು ಮಳಿಗೆಗಳಲ್ಲಿ ನಮಗೆ ದೊರೆಯುವುದು ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ, ಮಾರುವ ಹಕ್ಕಿಲ್ಲದವರು ಸೇರಿಸಿದ್ದ ಪ್ರತಿಗಳೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ ಅವರ ಕೃತಿಗಳನ್ನು ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ಮರಳಿಸಿತ್ತು; 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು, ಹಣವೇನೋ ಮರಳಿತು. ಮತ್ತೆ ಮತ್ತೆ ಓದಿ ನೆಮ್ಮದಿ ಪಡೆಯುವ ಪುಸ್ತಕಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಅಂತಹವನ್ನು ನಕಲು ತಡೆಯುವ ತಾಂತ್ರಿಕ ಬೀಗವಿಲ್ಲದ ಇಪಬ್ ಆಗಿ ಕೊಂಡು ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ, ಇಲ್ಲವೇ ಕಾಗದದಲ್ಲಿ ಕೊಳ್ಳುತ್ತೇನೆ. ಹಕ್ಕುಸ್ವಾಮ್ಯ ಮುಗಿದ ಇಂಗ್ಲಿಷ್ ಕಾದಂಬರಿಗಳಿಗೆ 1971ರಲ್ಲಿ ಆರಂಭವಾದ ಉಚಿತ ಇ-ಪುಸ್ತಕ ಸಂಗ್ರಹ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದ್ದೇ ಇದೆ.

ಬಾಳಿಕೆ ಚೆನ್ನಾಗಿದೆ. ಬ್ಯಾಟರಿ ಮೊದಲಿನಷ್ಟು ಬರುವುದಿಲ್ಲವಾದರೂ ವಾರಕ್ಕೆ ಮೋಸವಿಲ್ಲ. ಹಿಂದಿನ ಪುಟದ ಮಸುಕು ನೆರಳು ಉಳಿಯುವುದು ಈ ಪರದೆಗಳ ಹುಟ್ಟುಗುಣ. ಆರೆಂಟು ಪುಟಕ್ಕೊಮ್ಮೆ ಪರದೆ ಪೂರ್ತಿ ಮಿನುಗುವಂತೆ ಮಾಡಿಟ್ಟರೆ ಅದು ಕಾಡುವುದಿಲ್ಲ. ಪರದೆಯ ಒಳಪದರ ತೆಳುಗಾಜಿನದಾದ್ದರಿಂದ ಚೀಲದಲ್ಲಿ ಭಾರದ ವಸ್ತುಗಳ ಕೆಳಗೆ ಸಿಕ್ಕರೆ ಒಡೆಯುತ್ತದೆ, ದುರಸ್ತಿಗೆ ಹೊಸದರಷ್ಟೇ ಖರ್ಚಾದೀತು. ಗಟ್ಟಿ ಹೊದಿಕೆ ಕಡ್ಡಾಯ.

ಇದು ಕೆಟ್ಟ ದಿನ ಮತ್ತೆ ಕೊಳ್ಳುವುದು ಇದೇ ಜಾತಿಯದನ್ನೇ. ಬಣ್ಣದ ಇ-ಇಂಕ್ ಪರದೆಗಳಲ್ಲಿ ಬಣ್ಣದ ಫಿಲ್ಟರ್‌ನಿಂದಾಗಿ ಪುಟದ ಬಿಳುಪು ಕಂದುತ್ತದೆ, ಕಾದಂಬರಿಗೆ ಬಣ್ಣ ಬೇಕಾಗಿಯೂ ಇಲ್ಲ. ಪೆನ್ನಿನಿಂದ ಬರೆಯಬಹುದಾದ ದೊಡ್ಡ ಮಾದರಿಗಳನ್ನು ಕೈಗೆ ಕೊಟ್ಟರೆ ನಾನು ಮತ್ತೆ ಟಿಪ್ಪಣಿ ಮಾಡತೊಡಗುತ್ತೇನೆ. ಬದಲಾಯಿಸುವುದಾದರೆ ಒಂದನ್ನೇ: ಪುಟ ತಿರುವಲು ಪಕ್ಕದಲ್ಲಿ ಗುಂಡಿಗಳಿರುವ ಮಾದರಿ. ಮಗ್ಗುಲಾಗಿ ಮಲಗಿ ಒಂದೇ ಕೈಯಲ್ಲಿ ಓದುವಾಗ ಪರದೆ ಮುಟ್ಟಲು ಹೆಬ್ಬೆರಳನ್ನು ಚಾಚಬೇಕಾಗಿ ಬರುವುದು ಇಷ್ಟು ವರ್ಷಗಳಾದರೂ ನನಗೆ ಒಗ್ಗಿಲ್ಲ.